ಕರಾವಳಿ ಬಿಟ್ಟು ಓದಕ್ಕ

ಹಿರೇಗುಂಟನೂರು
೨ ಸೆಪ್ಟೆಂಬರ್ ೨೦೨೪

ಪ್ರೀತಿಯ ರೇಣುಗೆ, ನಿನ್ನ ಅತ್ತಿಗೆಯ ಆಶೀರ್ವಾದ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ, ಎಮ್ಮೆಯೊಂದನ್ನು ಬಿಟ್ಟು. ಅದಕ್ಕೆ ಕಾಲು ಉಳುಕಿದೆ, ಆದರೂ ಗತ್ತು ಕಡಿಮೆಯಾಗಿಲ್ಲ. ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿರುವಾಗ ಇದೇನು ಹೊಸ ಚಾಳಿ ಎಂದು ನೀನು ಕೇಳುತ್ತೀ. ಫೋನ್ ಮಾಡಿದರೆ ನಿಮ್ಮಣ್ಣ ಪಕ್ಕದಲ್ಲೇ ಕೂತು, "ಸ್ಪೀಕರ್ ಹಾಕೇ, ನಾನೂ ಕೇಳ್ತೀನಿ" ಅನ್ನುತ್ತಾರೆ. ಸ್ಪೀಕರ್ ಹಾಕಿದರೆ ಅರ್ಧ ಬೀದಿ ಬಂದು ಕೂರುತ್ತದೆ. ಎರಡು ವರ್ಷದಿಂದ ನಾವಿಬ್ಬರೂ "ಊಟ ಆಯ್ತಾ", "ಆಯ್ತು", "ಏನು ಸಾರು" ಇಷ್ಟರಲ್ಲೇ ಸುತ್ತುತ್ತಿದ್ದೇವೆ. ಕಾರವಾರದಲ್ಲಿ ನೀನು ಯಾವ ದಿನ ಯಾವ ಸಾರು ಮಾಡಿದೆ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ನೀನು ಹೇಗಿದ್ದೀ ಎನ್ನುವುದು ನನಗೂ ಗೊತ್ತಿಲ್ಲ.

ಈ ಸಲ ಈರುಳ್ಳಿ ಚೆನ್ನಾಗಿ ಗಡ್ಡೆ ಕಟ್ಟುತ್ತಿದೆ. ನಮ್ಮದಷ್ಟೇ ಅಲ್ಲ, ಎಲ್ಲರ ಹೊಲದಲ್ಲೂ ಹಾಗೇ ಇದೆ. ಇನ್ನು ಆರು ವಾರಕ್ಕೆ ಕೀಳುವ ಹದ ಬರುತ್ತದೆ. ಅಲ್ಲಿಂದ ಶುರು ನೋಡು, ಎಲ್ಲರ ಕತ್ತು ಆಕಾಶದ ಕಡೆಗೆ. ನೆಲದೊಳಗಿದ್ದಾಗ ಒಂದು ಮಳೆ ಬಂದರೆ ಈರುಳ್ಳಿ ಹೇಗೋ ತಡೆದುಕೊಳ್ಳುತ್ತದೆ. ಕಿತ್ತು ಹೊಲದಲ್ಲಿ ಒಣಗಲು ಹರಡಿದ ಮೇಲೆ ಬಂದರೆ ಮುಗಿಯಿತು. ನಿನಗೆ ಹೇಳುವುದೇನಿದೆ.

ಮೊನ್ನೆ ಗಂಗಾಧರಪ್ಪನವರು ಬಂದಿದ್ದರು. ಬಸವಣ್ಣನ ಗುಡಿಯ ಉಸ್ತುವಾರಿ ಈಗಲೂ ಅವರದೇ. ಕಟ್ಟೆಯ ಮೇಲೆ ಕೂತು ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ವೀರಮ್ಮ, ಗಣೇಶನ ಹಬ್ಬಕ್ಕೆ ಅಂತ ಗುಡಿ ಮೈಕು ರಿಪೇರಿ ಮಾಡ್ಸೀವಿ. ಹಬ್ಬ ಆದ್ಮೇಲೆ ನೀನು ಮೊದ್ಲಿನಂಗೆ ಸಂಜೆ ಹೊತ್ತು ಹವಾಮಾನ ಓದ್ತೀಯೇನವ್ವ?" ನಾನು "ನೋಡಾಣ" ಎಂದೆ. ಎರಡು ವರ್ಷದಿಂದ ಆ ಮೈಕಿನಲ್ಲಿ ಭಜನೆ ಬಿಟ್ಟರೆ ರೇಷನ್ ಬಂತು ಎನ್ನುವ ಸುದ್ದಿ ಮಾತ್ರ ಬರುತ್ತಿದೆ.

ಈ ಹಿಂಗಾರಿಗೆ ಕರಾವಳಿಗೆ, ಕಣಿವೆಗೆ, ಗುಡ್ಡದ ಸೀಮೆಗೆ ನಿಮ್ಮ ಹವಾಮಾನ ಕಚೇರಿಯವರು ಏನು ಹೇಳುತ್ತಾರೆ, ಬಿಡುವಾದಾಗ ನಾಲ್ಕು ಸಾಲು ಬರೆ. ಓದುತ್ತೇನೋ ಬಿಡುತ್ತೇನೋ, ಆಮೇಲಿನ ಮಾತು.

ದೀಪಾವಳಿ ಈ ವರ್ಷ ಅಕ್ಟೋಬರ್ ಕೊನೆಗೆ ಬಂದಿದೆ. ಬಾ ರೇಣು.

ನಿನ್ನ
ಅತ್ತಿಗೆ ವೀರಮ್ಮ


ಕಾರವಾರ
೧೧ ಸೆಪ್ಟೆಂಬರ್ ೨೦೨೪

ಪೂಜ್ಯ ಅತ್ತಿಗೆಯವರಿಗೆ ರೇಣುಕಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಾನು ಆರೋಗ್ಯವಾಗಿದ್ದೇನೆ. ಎಮ್ಮೆಯ ಕಾಲಿಗೆ ಡಾಕ್ಟರನ್ನು ಕರೆಸಲು ಅಣ್ಣನಿಗೆ ಹೇಳಿ.

ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಅಕ್ಟೋಬರ್ ಅರ್ಧದವರೆಗೆ ಸಂಜೆ ಮಳೆ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಘಟ್ಟದ ಮೇಲಿನ ಗುಡ್ಡಗಳಲ್ಲಿ ಬೆಳಗಿನ ಮಂಜು ಈ ವರ್ಷ ಬೇಗ ಇಳಿಯಬಹುದು. ವೇದಾವತಿ ಕಣಿವೆಗೆ, ಅಂದರೆ ಹೊಸದುರ್ಗ, ಹಿರಿಯೂರಿನ ಕಡೆಗೆ, ಹಿಂಗಾರು ವಾಡಿಕೆಗಿಂತ ಸ್ವಲ್ಪ ಹೆಚ್ಚೇ ಆಗುವ ಸಾಧ್ಯತೆ ಇದೆ. ನಮ್ಮೂರಿಗೂ ಅದೇ ಅನ್ವಯಿಸುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಈ ಲೆಕ್ಕವೆಲ್ಲ ನಾಲ್ಕು ದಿನದಲ್ಲಿ ಬದಲಾಗುತ್ತದೆ.

ದೀಪಾವಳಿಗೆ ರಜೆ ಸಿಗುವುದು ಕಷ್ಟ. ಸಿಕ್ಕರೂ ಬರುವುದು ಬೇಡ ಅನ್ನಿಸುತ್ತದೆ. ಎರಡು ವರ್ಷದ ಹಿಂದೆ ಹಬ್ಬದ ಹಿಂದಿನ ದಿನ ಬೋರಕ್ಕ ನಮ್ಮ ಕಟ್ಟೆಯ ಮುಂದೆ ನಿಂತು, ನನ್ನ ಕೈಗೆ ತನ್ನ ಹೊಲದ ಕೊಳೆತ ಈರುಳ್ಳಿ ಇಟ್ಟು, "ತಗಳವ್ವ ನಿನ್ನ ಒಣ ಹವೆ" ಎಂದದ್ದನ್ನು ಊರು ಮರೆತಿರಬಹುದು. ಒಣ ಹವೆ ಎಂದು ನಂಬಿ ನಲವತ್ತು ಮನೆಯವರು ಈರುಳ್ಳಿ ಕಿತ್ತರು. ಮೂರು ದಿನ ಬಿಡದೆ ಮಳೆ ಹೊಯ್ಯಿತು. ಊರಿನವರ ಸಿಟ್ಟು ಸುಳ್ಳಲ್ಲ.

ವರದಿ ಬೇಕಿದ್ದರೆ ಫೋನಿಗೆ ಕಳಿಸುತ್ತೇನೆ. ಓದುವುದಾದರೆ ದಯವಿಟ್ಟು ನನ್ನ ಹೆಸರು ಹೇಳಬೇಡಿ.

ಇಂತಿ,
ರೇಣುಕಾ


ಹಿರೇಗುಂಟನೂರು
೨೦ ಸೆಪ್ಟೆಂಬರ್ ೨೦೨೪

ರೇಣು,

ನಿನ್ನ ಕಾಗದ ಬಂತು. ಮೊದಲು ಅದನ್ನು ತಾಲ್ಲೂಕು ಕಚೇರಿಯಿಂದ ಬಂದ ನೋಟೀಸು ಎಂದುಕೊಂಡೆ. "ಪೂಜ್ಯ ಅತ್ತಿಗೆಯವರಿಗೆ" ಎಂದು ಓದಿದಾಗ ಯಾರಪ್ಪಾ ಅವರು ಎಂದು ಹಿಂದೆ ತಿರುಗಿ ನೋಡಿದೆ. ಯಾವಾಗಿನಿಂದ ನಾನು ನಿನಗೆ "ನೀವು" ಆದೆನೇ? ನಾನು ಈ ಮನೆಗೆ ಬಂದ ಮಾರನೆಯ ದಿನ ಒಂಬತ್ತು ವರ್ಷದ ಹುಡುಗಿ ಬಾಚಣಿಗೆ ಹಿಡಿದು ನನ್ನ ಮುಂದೆ ನಿಂತಳು. "ನಿಂಗೆ ಎರಡು ಜಡೆ ಹಾಕಕ್ಕೆ ಬರ್ತೈತಾ? ಅಣ್ಣಂಗೆ ಬರಲ್ಲ" ಎಂದಳು. ತಾಯಿ ಹೋಗಿ ಆರು ತಿಂಗಳಾಗಿತ್ತು, ಆರು ತಿಂಗಳಿಂದ ಆ ತಲೆ ಸರಿಯಾಗಿ ಬಾಚಣಿಗೆ ಕಂಡಿರಲಿಲ್ಲ. ಅವತ್ತು ಸಿಕ್ಕು ಬಿಡಿಸುವಷ್ಟರಲ್ಲಿ ನಾನೂ ಅತ್ತೆ, ನೀನೂ ಅತ್ತೆ. ಅಂಥ ನನಗೆ "ನೀವು" ಅನ್ನಲು ನಿನಗೆ ನಾಲಿಗೆ ಹೇಗೆ ಬಂತು?

ಇರಲಿ. ಎಮ್ಮೆಯ ಕಾಲು ವಾಸಿಯಾಯಿತು. ಡಾಕ್ಟರು ಬಂದರು, ಅವರಿಗೇ ಒದೆಯಿತು.

ನಿನ್ನ ವರದಿಯನ್ನು ನಾಲ್ಕು ಸಲ ಓದಿದೆ. ಮೈಕಿನಲ್ಲಿ ಅಲ್ಲ, ಅಡಿಗೆ ಮನೆಯಲ್ಲಿ. ಓದುತ್ತಾ ಹಳೆಯದೆಲ್ಲ ನೆನಪಾಯಿತು. ನಿನಗೆ ಆ ಕೆಲಸ ಸಿಕ್ಕ ವರ್ಷ ಗಂಗಾಧರಪ್ಪನವರೇ ಅಲ್ಲವೇ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿದ್ದು? "ನಮ್ಮೂರ ಹುಡುಗಿ ಆಕಾಶ ನೋಡಿ ಹೇಳ್ತಾಳೆ, ಅದನ್ನ ನಮ್ಮೂರ ಸೊಸೆ ಓದ್ಲಿ" ಎಂದರು. ಮೊದಲ ದಿನ ಮೈಕನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ನೀನು ಕಳಿಸಿದ್ದನ್ನು ಅಕ್ಷರ ಬಿಡದೆ ಓದಿದೆ. ಕರಾವಳಿ, ಆಮೇಲೆ ಮಲೆನಾಡು, ಆಮೇಲೆ ಒಳನಾಡು. ಗುಡಿ ಮುಂದೆ ಕೂತವರು ಆಕಳಿಸಿದರು.

ಒಂದು ವಾರ ಸುಮ್ಮನಿದ್ದರು. ಆಮೇಲೆ ಬೋರಕ್ಕನೇ ಎದ್ದು ನಿಂತು, "ಕರಾವಳಿ ಬಿಟ್ಟು ಓದಕ್ಕ, ಸಮುದ್ರಕ್ಕೆ ಮಳೆ ಬಂದ್ರೆ ನಮಗೇನು" ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಮಾರನೆಯ ದಿನದಿಂದ ಕರಾವಳಿ ಬಿಟ್ಟೆ. ಮುಂದಿನ ವರ್ಷ ಮಲೆನಾಡನ್ನೂ ಬಿಟ್ಟೆ. ಜನಕ್ಕೆ ಖುಷಿಯಾಯಿತು. ವೀರಮ್ಮ ಹಿಂಡಿ ರಸ ತೆಗೆದು ಕೊಡುತ್ತಾಳೆ ಎಂದು ಹೊಗಳಿದರು. ಹೊಗಳಿಸಿಕೊಳ್ಳುವುದು ಕೆಟ್ಟ ಚಟ ಕಣೇ, ಕಾಫಿಗಿಂತ ಬೇಗ ಹಿಡಿಯುತ್ತದೆ.

ನಿನಗೆ ಇನ್ನೂ ಒಂದು ಮಾತು ಹೇಳಬೇಕಿತ್ತು. ಅದನ್ನು ಹೇಳಲೆಂದೇ ಹೋದ ಕಾಗದವನ್ನೂ ಶುರು ಮಾಡಿದ್ದು, ಈ ಕಾಗದವನ್ನೂ ಶುರು ಮಾಡಿದ್ದು. ಒಲೆಯ ಮೇಲೆ ಅನ್ನ ಉಕ್ಕುತ್ತಿದೆ. ನಿಮ್ಮಣ್ಣ ಹೊಲದಿಂದ ಬರುವ ಹೊತ್ತಾಯಿತು. ಇನ್ನೊಂದು ಸಲ ಬರೆಯುತ್ತೇನೆ.

ಹುಷಾರು. ಸಮುದ್ರದ ಗಾಳಿಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ಓಡಾಡಬೇಡ.

ವೀರಮ್ಮ


ಕಾರವಾರ
೨೯ ಸೆಪ್ಟೆಂಬರ್ ೨೦೨೪

ಅತ್ತಿಗೆ,

"ಪೂಜ್ಯ" ತೆಗೆದಿದ್ದೇನೆ. ಉಳಿದದ್ದಕ್ಕೆ ಸ್ವಲ್ಪ ಸಮಯ ಬೇಕು.

ಇವತ್ತು ಭಾನುವಾರ. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿ ಮೀನು ಮಾರುವ ಹೆಂಗಸೊಬ್ಬರಿಗೆ ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಗೊತ್ತು. ನಾನು ಮೀನು ಕೊಳ್ಳುವುದಿಲ್ಲ, ಪಕ್ಕದಲ್ಲಿ ಸೊಪ್ಪು ಕೊಳ್ಳುತ್ತೇನೆ. ಆದರೂ ದಿನವೂ ಕರೆದು ಕೇಳುತ್ತಾರೆ. ಅವರು ಕೇಳುವುದು ಮಳೆಯನ್ನಲ್ಲ, ಗಾಳಿಯನ್ನು. ಗಾಳಿ ಎಷ್ಟು, ಯಾವ ಕಡೆಯಿಂದ, ಎಷ್ಟು ಹೊತ್ತು. ನಾನು ಹೇಳಿದ್ದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅವರ ಮಗ ದೋಣಿಯಲ್ಲಿ ಹೋಗುತ್ತಾನೆ. ಒಂದು ದಿನ ಗಾಳಿ ಜೋರಾಗಬಹುದು, ಆಗದೆಯೂ ಇರಬಹುದು ಎಂದೆ. ಅವನನ್ನು ಅವತ್ತು ಕಳಿಸಲಿಲ್ಲ. ಗಾಳಿಯೂ ಬರಲಿಲ್ಲ. ಮಾರನೆಯ ದಿನ ನನಗೆ ಬೈಯುತ್ತಾರೆ ಎಂದುಕೊಂಡು ದೂರದಿಂದಲೇ ಹೋಗುತ್ತಿದ್ದೆ. ಕರೆದು, "ನೀನು ಹೇಳಿದ್ದು ಒಳ್ಳೇದಾಯ್ತು, ಮಗ ಒಂದು ದಿನ ಮನೇಲಿದ್ದ" ಎಂದರು.

ನನಗೆ ಆಗ ಊರು ನೆನಪಾಯಿತು. ಬೋರಕ್ಕ ಕೊಟ್ಟ ಆ ಈರುಳ್ಳಿಯನ್ನು ನಾನು ಅಲ್ಲೇ ಎಸೆಯಲಿಲ್ಲ. ಅವಳ ಕಣ್ಣೆದುರು ಎಸೆಯಲು ಆಗಲಿಲ್ಲ. ಅವಳು ಆ ಹೊಲದಲ್ಲಿ ಬಗ್ಗಿ ಕಳೆ ತೆಗೆದದ್ದನ್ನು ನಾನು ನೋಡಿದ್ದೆ. ಮಾರನೆಯ ದಿನ ಹೊರಟಾಗ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರು. ಇಲ್ಲಿಗೆ ಬಂದ ಮೇಲೆ ಬ್ಯಾಗನ್ನು ಮೂರು ಸಲ ತೊಳೆದೆ.

ಬೋರಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಅವಳಿಗೆ ಹೇಳಬೇಡಿ.

ನೀವು ಹೇಳಬೇಕೆಂದಿದ್ದ ಮಾತನ್ನು ಅನ್ನ ಇಳಿಸಿದ ಮೇಲೂ ಹೇಳಬಹುದು. ನಾನು ಕಾಯುತ್ತೇನೆ.

ರೇಣು


ಹಿರೇಗುಂಟನೂರು
೭ ಅಕ್ಟೋಬರ್ ೨೦೨೪

ರೇಣು,

ನಿಮ್ಮಣ್ಣ ಚಿತ್ರದುರ್ಗಕ್ಕೆ ಹೋಗಿದ್ದಾರೆ, ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ಅನ್ನ ಇಳಿಸಿ, ಒಲೆ ಆರಿಸಿ, ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಇನ್ನು ನೆಪಗಳು ಉಳಿದಿಲ್ಲ.

ನಿನ್ನ ವರದಿ ತಪ್ಪಾಗಿರಲಿಲ್ಲ. ತಪ್ಪು ಮಾಡಿದವಳು ನಾನು.

ಆ ಸಂಜೆ ನೀನು ಫೋನಿಗೆ ಕಳಿಸಿದ್ದು ನನಗೆ ಬಾಯಿಪಾಠವಾಗಿದೆ. "ದಕ್ಷಿಣ ಒಳನಾಡಿನಲ್ಲಿ ಬಹುತೇಕ ಒಣ ಹವೆ. ಚಿತ್ರದುರ್ಗ ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಭಾರಿ ಮಳೆಯಾಗುವ ಸಾಧ್ಯತೆ ಇದೆ." ನಾನು ಮೈಕಿನಲ್ಲಿ ಮೊದಲ ಸಾಲು ಓದಿ ನಿಲ್ಲಿಸಿದೆ. "ಬಹುತೇಕ" ಎನ್ನುವುದನ್ನೂ ಬಿಟ್ಟೆ. "ಒಣ ಹವೆ" ಎಂದೆ, ಮೈಕು ಆರಿಸಿದೆ.

ಯಾಕೆ ಹಾಗೆ ಮಾಡಿದೆ ಎಂದು ಎರಡು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಒಂದೆರಡು ಕಡೆ ಎನ್ನುವುದು ನಿಮ್ಮ ವರದಿಯಲ್ಲಿ ದಿನವೂ ಇರುತ್ತಿತ್ತು. ದೇವರ ದಯೆಯಿಂದ ಎಂದು ಕಾಗದದ ಕೊನೆಗೆ ಬರೆಯುತ್ತಾರಲ್ಲ, ಅಂಥದ್ದೇ ಒಂದು ಮಾತು ಇದೂ ಎಂದುಕೊಂಡಿದ್ದೆ. ಅದು ನಿಜ. ಆದರೆ ಅಷ್ಟೇ ಅಲ್ಲ. ಅವತ್ತು ಜನ ಒಂಬತ್ತು ದಿನದಿಂದ ಕಾದಿದ್ದರು. ಆಳುಗಳನ್ನು ಗೊತ್ತುಮಾಡಿಯಾಗಿತ್ತು, ಬಿಸಿಲು ಚೆನ್ನಾಗಿತ್ತು, ನಮ್ಮ ಈರುಳ್ಳಿಯೂ ಕೀಳಬೇಕಿತ್ತು. ಎಲ್ಲರ ಮುಖ ನನ್ನ ಕಡೆಗಿತ್ತು. ಅವರಿಗೆ ಬೇಕಾದ ಮಾತು ನನ್ನ ಕೈಯಲ್ಲಿತ್ತು. ಅದನ್ನೇ ಕೊಟ್ಟೆ. ಬೇಡದ್ದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ.

ಮಳೆ ಬಂದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಏಳನೇ ಕ್ಲಾಸು ಓದಿದ ಹೆಂಗಸು ನಾನು. ಆ ಮೈಕಿನಿಂದ ನನಗೆ ಊರಲ್ಲಿ ಒಂದು ಬೆಲೆ ಬಂದಿತ್ತು. ಗಂಡಸರು ಬೀದಿಯಲ್ಲಿ ನಿಲ್ಲಿಸಿ "ವೀರಮ್ಮ, ನಾಳೆ ಹೆಂಗೈತೆ?" ಎಂದು ಕೇಳುತ್ತಿದ್ದರು. ಅದು ಹೋಗುತ್ತದೆ ಎಂದು ಹೆದರಿದೆ. ನೀನು ದೂರದಲ್ಲಿದ್ದೀ, ನಿನಗೆ ಊರಿನ ಮಾತು ಮುಟ್ಟುವುದಿಲ್ಲ, ನಾಲ್ಕು ದಿನ ಬೈದು ಸುಮ್ಮನಾಗುತ್ತಾರೆ ಎಂದುಕೊಂಡೆ. ನೀನು ಹಬ್ಬಕ್ಕೆ ಬಂದೆ. ಬೋರಕ್ಕ ಬಂದಳು. ನಾನು ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ನಿನ್ನಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ನಿನ್ನ ಕೈಗೆ ಅವಳು ಅದನ್ನು ಇಟ್ಟಳು. ನನ್ನ ಬಾಯಿ ತೆರೆಯಲಿಲ್ಲ. ನಾನು ಜಡೆ ಹಾಕಿದ ಹುಡುಗಿ ನೀನು, ರೇಣು. ನನ್ನ ಪಾಲಿನದನ್ನು ನಿನ್ನ ಕೈಗೆ ಇಡಿಸಿದೆ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಕ್ಷಮಿಸು.

ಈಗ ಊರಲ್ಲಿ ಈರುಳ್ಳಿ ಹದಕ್ಕೆ ಬಂದಿದೆ. ನಿನ್ನೆ ಬೋರಕ್ಕನೇ ಬೇಲಿಯಾಚೆ ನಿಂತು, ನನ್ನ ಮುಖ ನೋಡದೆ, "ನಿಮ್ಮ ಹುಡುಗಿ ಏನಂತಾಳೆ ಈ ಸಲ?" ಎಂದು ಕೇಳಿದಳು. ಶನಿವಾರ ವಿಜಯದಶಮಿ. ಬನ್ನಿ ಹಂಚಲು ಇಡೀ ಊರು ಗುಡಿ ಮುಂದೆ ಸೇರುತ್ತದೆ. ವರದಿ ಇದ್ದರೆ ಫೋನಿಗೆ ಕಳಿಸು. ಕಳಿಸದಿದ್ದರೂ ನನಗೆ ಅರ್ಥವಾಗುತ್ತದೆ.

ವೀರಮ್ಮ


ಕಾರವಾರ
೧೦ ಅಕ್ಟೋಬರ್ ೨೦೨೪

ಅತ್ತಿಗೆ,

ನನಗೆ ಗೊತ್ತಿತ್ತು.

ಆ ದೀಪಾವಳಿಯ ದಿನ, ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗ, ನಾನು ಕಳಿಸಿದ್ದ ವರದಿಯನ್ನು ಫೋನಿನಲ್ಲಿ ತೆಗೆದು ನೋಡಿದೆ. ಎರಡು ಸಾಲೂ ಅಲ್ಲಿದ್ದವು. ಊರಿನವರ ಬಾಯಲ್ಲಿ ಒಂದೇ ಸಾಲಿತ್ತು. ಎರಡನೆಯದು ಎಲ್ಲಿ ಬಿದ್ದುಹೋಯಿತು ಎಂದು ತಿಳಿಯಲು ಹವಾಮಾನ ಶಾಸ್ತ್ರ ಬೇಕಿರಲಿಲ್ಲ. ಅಲ್ಲಿಂದ ವಾಪಸ್ ಬಂದು ಬೋರಕ್ಕನಿಗೆ ತೋರಿಸಬಹುದಿತ್ತು. ಊರಿನ ಬಸ್ಸು ಹತ್ತು ನಿಮಿಷಕ್ಕಿತ್ತು. ನಾನು ಹತ್ತಲಿಲ್ಲ.

ಯಾಕೆ ಗೊತ್ತಾ? ನಾನು ಐದನೇ ಕ್ಲಾಸಿನಲ್ಲಿದ್ದಾಗ ಬಿತ್ತನೆಗೆ ಇಟ್ಟ ಶೇಂಗಾವನ್ನು ನೀನು ಮಾಳಿಗೆ ಮೇಲೆ ಒಣಹಾಕಿದ್ದೆ. "ಮೋಡ ಬಂದ್ರೆ ಕೂಗು, ಆಕಾಶ ನೋಡ್ತಿರು" ಎಂದು ನನ್ನನ್ನು ಕೂರಿಸಿ ಹೋದೆ. ನಾನು ಚೌಕಾಬಾರ ಆಡಲು ಓಡಿಹೋದೆ. ಚಿತ್ತೆ ಮಳೆ ಬಂದು ಎಲ್ಲ ನೆನೆಯಿತು. ಅಣ್ಣ ಬೀದಿಯವರ ಮುಂದೆಲ್ಲ ಕೂಗಾಡಿದ. ನೀನು "ನಾನೇ ಮರೆತೆ" ಎಂದೆ. ಅವತ್ತೂ ನಿನ್ನ ಸೊಂಟದಲ್ಲಿ ಕೊಡ ಇತ್ತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ನೋಡಿದರೆ ಅಣ್ಣನಿಗೆ ತಿಳಿದುಬಿಡುತ್ತದೆ ಎಂದು. ಆಮೇಲೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅವತ್ತಿನಿಂದ ನಾನು ಆಕಾಶ ನೋಡುವುದನ್ನು ಬಿಟ್ಟಿಲ್ಲ. ಈಗ ಅದಕ್ಕೇ ಸಂಬಳ ಕೊಡುತ್ತಾರೆ.

ಹಾಗಾಗಿ ಈರುಳ್ಳಿಯ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಬಂದದ್ದು ಬೇರೆಯದಕ್ಕೆ. ಎರಡು ವರ್ಷ ನೀನು ಫೋನಿನಲ್ಲಿ ಏನು ಸಾರು ಎಂದು ಕೇಳಿದೆ. ಒಂದು ದಿನವೂ ಊರಿಗೆ ಬಾ ಅನ್ನಲಿಲ್ಲ. ನನ್ನನ್ನು ನೋಡಿದರೆ ನಿನಗೆ ಕಷ್ಟವಾಗುತ್ತದೆ ಎಂದು ಗೊತ್ತಿತ್ತು. ಆದರೂ ಬಾ ಅನ್ನುತ್ತೀಯೇನೋ ಎಂದು ಪ್ರತಿ ಸಲ ಕಾದೆ. ಅಮ್ಮ ಹೋದ ಮೇಲೆ ನನಗೆ ಹಾಗೆ ಕಾಯುವ ಅಭ್ಯಾಸ ನೀನೇ ತಪ್ಪಿಸಿದ್ದೆ. ಮತ್ತೆ ಶುರುವಾಯಿತು. ಸೆಪ್ಟೆಂಬರಿನ ಮೊದಲ ಕಾಗದದ ಕೊನೆಯಲ್ಲಿ ನೀನು ಬಾ ಎಂದು ಬರೆದಿದ್ದನ್ನು ನೋಡಿ ನಾನು ಕಚೇರಿಯಲ್ಲೇ ಅತ್ತೆ. ಆಮೇಲೆ ಕೂತು ಆ ತಾಲ್ಲೂಕು ಕಚೇರಿಯ ನೋಟೀಸು ಬರೆದೆ. ನನ್ನ ಬುದ್ಧಿಯೂ ಅಷ್ಟೇ.

ಊರಿನ ಮುಂದೆ ನೀನು ಏನೂ ಹೇಳಬೇಡ. ನನಗೆ ಗೊತ್ತಿದೆ, ನಿನಗೆ ಗೊತ್ತಿದೆ. ಸಾಕು.

ವರದಿಯನ್ನು ಇವತ್ತೇ ಫೋನಿಗೆ ಕಳಿಸುತ್ತೇನೆ. ಕೊಲ್ಲಿಯಲ್ಲಿ ವಾಯುಭಾರ ಕುಸಿಯುತ್ತಿದೆ. ಹದಿಮೂರರಿಂದ ಹದಿನೇಳರವರೆಗೆ ನಮ್ಮ ಜಿಲ್ಲೆಯ ಹಲವು ಕಡೆ ಮಳೆ ಸಾಧ್ಯತೆ. ಓದುವುದಾದರೆ ಕರಾವಳಿಯಿಂದ ಶುರು ಮಾಡು.

ನಿನ್ನ
ರೇಣು


ಹಿರೇಗುಂಟನೂರು
೨೦ ಅಕ್ಟೋಬರ್ ೨೦೨೪

ನನ್ನ ರೇಣು,

ನಿನ್ನ ಕಾಗದ ಮಂಗಳವಾರ ಬಂತು. "ಊರಿನ ಮುಂದೆ ಹೇಳಬೇಡ" ಎಂದು ಬರೆದಿದ್ದೀ. ಶನಿವಾರವೇ ಹೇಳಿಬಿಟ್ಟಿದ್ದೆ. ಅಂಚೆಯವನು ಮೂರು ದಿನ ಮುಂಚೆ ಬಂದಿದ್ದರೂ ಹೇಳುತ್ತಿದ್ದೆ ಅಂದುಕೋ.

ಬನ್ನಿ ಪೂಜೆ ಆಯಿತು. ಜನ ಇನ್ನೂ ಎಲೆ ಹಂಚಿಕೊಳ್ಳಲು ಶುರು ಮಾಡಿರಲಿಲ್ಲ. ಗಂಗಾಧರಪ್ಪನವರು ಮೈಕು ಕೊಟ್ಟರು. ಓದುವ ಮೊದಲು ಒಂದು ಮಾತು ಎಂದೆ. ಆಮೇಲೆ ನನ್ನ ಬಾಯಿಂದ ಬಂದದ್ದು ಇಷ್ಟೇ: "ಎರಡು ವರ್ಷದ ಹಿಂದೆ ರೇಣುಕಾ ಎರಡು ಸಾಲು ಕಳ್ಸಿದ್ಲು. ಮಳೆ ಬರಬೌದು ಅಂತ್ಲೂ ಕಳ್ಸಿದ್ಲು. ನಾನು ಒಂದೇ ಸಾಲು ಓದ್ದೆ. ನಿಮ್ಮ ಈರುಳ್ಳಿ ಕೊಳ್ತಿದ್ದು ನನ್ನಿಂದ, ಅವಳಿಂದಲ್ಲ." ಮೈಕು ಚೆನ್ನಾಗಿ ರಿಪೇರಿಯಾಗಿದೆ, ತೋಟದ ಮನೆಯವರಿಗೂ ಕೇಳಿಸಿತಂತೆ. ನಿಮ್ಮಣ್ಣ ಕೂತಲ್ಲೇ ತಲೆ ಎತ್ತಿ ನೋಡಿದರು. ನಾನು ವರದಿ ಓದಿದೆ. ಕರಾವಳಿ, ಮಲೆನಾಡು, ಒಳನಾಡು, ಅಕ್ಷರ ಬಿಡದೆ.

ಬನ್ನಿ ಕೊಡಲು ಹೋದರೆ ಕೆಲವರು ತೆಗೆದುಕೊಂಡರು, ಕೆಲವರು ಮುಖ ತಿರುಗಿಸಿದರು. ಬೋರಕ್ಕ ತನ್ನ ಕೈಯ ಎಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೊರಟೇಹೋದಳು. ಮನೆಗೆ ಬಂದ ಮೇಲೆ ನಿಮ್ಮಣ್ಣ ಟವೆಲನ್ನು ಗೂಟಕ್ಕೆ ಹಾಕಿ, "ನನಗಾದ್ರೂ ಹೇಳ್ಬಾರದಿತ್ತೇನೇ" ಎಂದರು. ಆಮೇಲೆ ಅವರೇ ಎರಡು ತಟ್ಟೆ ಹಾಕಿ ಊಟಕ್ಕೆ ಕರೆದರು.

ಇನ್ನು ನಿನ್ನ ಮಳೆಯ ವಿಷಯ. ಯಾರೂ ಈರುಳ್ಳಿ ಕೀಳಲಿಲ್ಲ, ಐದು ದಿನ ಕಾದರು. ಹೊಸದುರ್ಗದಲ್ಲಿ ಮಳೆ ಬಂತು, ಶ್ರೀರಾಂಪುರದಲ್ಲಿ ಹಳ್ಳ ತುಂಬಿತು, ಹೊಳಲ್ಕೆರೆಯಲ್ಲಿ ಬಂತು, ಜವನಗೊಂಡನಹಳ್ಳಿಯಲ್ಲಿ ಕಿತ್ತು ಹರಡಿದವರ ಈರುಳ್ಳಿಯೆಲ್ಲ ನೆನೆದುಹೋಯಿತು. ಇಲ್ಲಿ ಒಂದು ಹನಿ ಇಲ್ಲ! ಮೋಡ ಬರುತ್ತಿತ್ತು, ನಿಂತು ನೋಡುತ್ತಿತ್ತು, ಹೋಗುತ್ತಿತ್ತು. ನನಗೆ ಬೀದಿಗೆ ಇಳಿಯಲು ಭಯ.

ಆರನೆಯ ದಿನ ಬೆಳಿಗ್ಗೆ ಬೋರಕ್ಕ ನೇರವಾಗಿ ಅಡಿಗೆ ಮನೆಗೇ ಬಂದಳು. "ಏನೇ ವೀರಿ, ನಿಮ್ಮ ಹುಡುಗಿ ಹಲವು ಕಡೆ ಅಂದ್ಲಲ್ಲ, ನಮ್ಮೂರು ಆ ಲೆಕ್ಕದಾಗೆ ಇಲ್ವೇನೇ?" ಎಂದಳು. ಅವಳು ನಗುತ್ತಿದ್ದಾಳೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಬಂದಿದ್ರೆ ಉಳೀತಿದ್ವಿ, ಬರ್ಲಿಲ್ಲ, ಹಂಗೂ ಉಳ್ಕಂಡ್ವಿ. ಇವತ್ತಿಂದ ಕೀಳಾಣ" ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಬನ್ನಿ ಒಣಗಿ ಪುಡಿಯಾಗುವಂತಿತ್ತು. ಒಂದು ಎಲೆ ನನಗೆ ಕೊಟ್ಟಳು. ಇನ್ನೊಂದನ್ನು ಮತ್ತೆ ಗಂಟು ಹಾಕಿದಳು. "ಇದು ಆ ಹುಡುಗೀದು. ಅವತ್ತು ಅವಳ ಕೈಗೇ ಕೊಟ್ಟಿದ್ನಲ್ಲ, ಇದನ್ನೂ ಅವಳ ಕೈಗೇ ಕೊಡ್ಬೇಕು. ಕರ್ಸು" ಎಂದಳು.

ನೀನು ಬಾ ಎಂದು ನಾನು ಈ ಸಲ ಮೇಲೆಯೇ ಬರೆಯಬೇಕಿತ್ತು. ಬಾ ರೇಣು. ರಜೆ ಕೊಡದಿದ್ದರೆ ನಿಮ್ಮ ಸಾಹೇಬರಿಗೆ ನಾನೇ ಒಂದು ಕಾಗದ ಬರೆಯುತ್ತೇನೆ.

ನಿನ್ನ ಅತ್ತಿಗೆ


ಹಿರೇಗುಂಟನೂರು
೮ ನವೆಂಬರ್ ೨೦೨೪

ರೇಣು,

ನೀನು ಹೋಗಿ ನಾಲ್ಕು ದಿನವಾಯಿತು. ಕೊಡೆಯನ್ನು ಬಾಗಿಲ ಹಿಂದೆ ಬಿಟ್ಟುಹೋಗಿದ್ದೀ. ಊರ ಮಳೆ ಹೇಳುವವಳು ತನ್ನ ಕೊಡೆ ಮರೆಯುತ್ತಾಳೆ ಎಂದು ನಿಮ್ಮಣ್ಣ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಐದು ದಿನ ಇದ್ದೆ. ಈ ಕಾಗದಗಳ ಬಗ್ಗೆ ನೀನೂ ಒಂದು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಹಬ್ಬದ ದಿನ ನೀನು ಎಣ್ಣೆ ಬಟ್ಟಲು ಹಿಡಿದು ನನ್ನ ಮುಂದೆ ಬಂದು ಕೂತೆ. ನಾನು ತಲೆಗೆ ಎಣ್ಣೆ ಒತ್ತಿದೆ. ಕೂದಲು ತೆಳ್ಳಗಾಗಿದೆ, ನೆತ್ತಿಯಲ್ಲಿ ಎರಡು ಬಿಳಿ ಕೂದಲು ಕಂಡವು, ಅದನ್ನೂ ಹೇಳಲಿಲ್ಲ. ಬೋರಕ್ಕ ಬಂದು ನಿನ್ನ ಕೈ ಹಿಡಿದು ಅಂಗೈಯಲ್ಲಿ ಆ ಪುಡಿಯಾದ ಬನ್ನಿ ಇಟ್ಟಾಗ ನನ್ನ ಸೊಂಟದಲ್ಲಿ ಕೊಡ ಇರಲಿಲ್ಲ. ಬೇಕೆಂದೇ ಕೆಳಗಿಟ್ಟು ಬಂದಿದ್ದೆ. ನೀನು ಅದನ್ನು ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಈ ಸಲ ಬ್ಯಾಗು ತೊಳೆಯಬೇಕಾಗಿಲ್ಲ.

ಈರುಳ್ಳಿ ಕಿತ್ತು, ಒಣಗಿಸಿ, ತಲೆ ಕೊಯ್ದು, ಚೀಲ ತುಂಬಿದ್ದಾಯಿತು. ಇನ್ನು ಹವಾಮಾನ ಕೇಳಲು ಯಾರು ಬರುತ್ತಾರೆ ಎಂದುಕೊಂಡೆ. ಆದರೂ ನೀನು ಕಳಿಸುತ್ತೀ, ನಾನು ಓದುತ್ತೇನೆ.

ನಿನ್ನೆ ಸಂಜೆ ಗುಡಿ ಮುಂದೆ ಹತ್ತು ಹದಿನೈದು ಜನ ಇದ್ದರು. ಶುರು ಮಾಡಿದೆ. "ಕರಾವಳಿಯಲ್ಲಿ ಗುಡುಗು ಸಹಿತ ಮಳೆ, ಗಾಳಿಯ ವೇಗ ಹೆಚ್ಚಾಗುವ ಸಾಧ್ಯತೆ." ಮಲೆನಾಡಿಗೆ ಹೋದೆ, ಒಳನಾಡಿಗೆ ಬಂದೆ, ನಮ್ಮ ಜಿಲ್ಲೆಯಲ್ಲಿ ಒಣ ಹವೆ ಎಂದೆ. ಮೈಕು ಆರಿಸಲು ಕೈ ಹಾಕಿದ್ದೆ. ಹಿಂದಿನ ಸಾಲಿನಿಂದ ಬೋರಕ್ಕ ಎದ್ದು ನಿಂತಳು.

"ನಮ್ದು ಇರ್ಲಿ ಬಿಡಕ್ಕ. ಆ ಕರಾವಳೀದು ಇನ್ನೊಂದ್ಸಲ ಓದು" ಎಂದಳು. "ನಮ್ಮ ಹುಡುಗಿ ಅಲ್ಲೈತೆ. ಕೊಡೆ ಬೇರೆ ಬಿಟ್ಟು ಹೋಗೈತೆ."

ಓದಿದೆ ರೇಣು. ಎರಡು ಸಲ ಓದಿದೆ.

ನಿನ್ನ
ಅತ್ತಿಗೆ